ಬೇಲದ ಹಣ್ಣಿನ ಆಸೆಬೆಲೆ

ಅರಸೀಕೆರೆ
ಶ್ರಾವಣ, ಮೂವತ್ತೆರಡನೆಯ ತಾರೀಖು, ಅಧಿಕವಾರ
ಇಸವಿ 2191

ನನ್ನ ಮುತ್ತಜ್ಜನ ಮುತ್ತಜ್ಜನಿಗೆ, ಮುತ್ತಜ್ಜಿಯ ಮುತ್ತಜ್ಜಿಗೆ, ಮತ್ತು ಅವರ ಹಿಂದೆ ಮುಂದೆ ದೊಡ್ಡಂಗಡಿಯ ಸಾಲಿನಲ್ಲಿ ತಳ್ಳುಗಾಡಿ ಹಿಡಿದು ನಿಂತಿರುವ ಸಮಸ್ತರಿಗೆ ಬೆಟ್ಟಸ್ವಾಮಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನನ್ನ ತಲೆ ನೆಟ್ಟಗಿದೆ. ನಮ್ಮ ಕಾಲದಲ್ಲಿ ವಾರಕ್ಕೆ ಎಂಟು ದಿನ, ತಿಂಗಳಿಗೆ ಮೂವತ್ತೆರಡು. ಭಾನುವಾರ ಬಟ್ಟೆ ಒಗೆಯುವುದರಲ್ಲೇ ಮುಗಿದುಹೋಗುತ್ತದೆ, ಮಲಗಲು ಒಂದು ದಿನ ಬೇಕು ಎಂದು ಜನ ಹಟ ಹಿಡಿದು ಪಡೆದದ್ದು ಅಧಿಕವಾರ. ನಿಮ್ಮಲ್ಲಿ ಕೆಲವರಿಗೆ ಇನ್ನೂ ಇಪ್ಪತ್ತು ತುಂಬಿರಲಾರದು. ನನಗೆ ಐವತ್ತೊಂದು. ಆದರೂ ಹುಟ್ಟಿದ ಲೆಕ್ಕದಲ್ಲಿ ನೀವೇ ಹಿರಿಯರು, ಆದ್ದರಿಂದ ಕಾಲಿಗೆ ಬಿದ್ದಿದ್ದೇನೆಂದು ತಿಳಿದು ಆಶೀರ್ವಾದ ಮಾಡಿಬಿಡಿ. ನಾನು ಓದಿದ್ದು ಐದನೇ ಕ್ಲಾಸು. ತೆಂಗಿನ ನಾರಿನಲ್ಲಿ ಚೀಲ ಹೆಣೆಯುವುದು ನನ್ನ ಕಸುಬು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಲೇಖನಿಯೊಂದಿದೆ, ಅದೇ ನನ್ನ ಮಾತನ್ನು ನಿಮ್ಮ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುತ್ತಿದೆ. ಜನ ಆಡಿದ ಮಾತನ್ನು ಮಾತ್ರ ಮುಟ್ಟಬೇಡ, ಹಾಗೇ ಬಿಡು ಎಂದು ಗದರಿಸಿದ್ದೇನೆ. ಅಲ್ಲಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ. ಅರ್ಥ ಹೇಳುತ್ತಾ ಹೋಗುತ್ತೇನೆ.

ನಿಮ್ಮ ಕಾಲದ ದೊಡ್ಡಂಗಡಿಯ ಓಡುವ ಚಿತ್ರವೊಂದನ್ನು ಊರಿನ ವಸ್ತುಸಂಗ್ರಹಾಲಯದಲ್ಲಿ ನೋಡಿದೆ. ನಕ್ಕು ನಕ್ಕು ಪಕ್ಕೆ ಹಿಡಿಯಿತು. ಸೋಪಿನ ಬೆಲೆ ತೊಂಬತ್ತೊಂಬತ್ತು ರೂಪಾಯಿ ಎಂದು ಬರೆದಿದ್ದಾರೆ, ಹೆಂಗಸರು ನೂರಕ್ಕಿಂತ ಕಡಿಮೆ ಎಂದು ಖುಷಿಯಿಂದ ಎರಡೆರಡು ಎತ್ತಿಕೊಳ್ಳುತ್ತಿದ್ದಾರೆ. ಹಾಲಿಗೆಂದು ಬಂದವನು ಬಿಸ್ಕತ್ತು, ಬಕೆಟ್ಟು, ಬೆಡ್‌ಶೀಟು ಎಲ್ಲವನ್ನೂ ದಾಟಿ ಕೊನೆಯ ಗೋಡೆಯವರೆಗೆ ನಡೆಯಬೇಕು. ಹಾಲು ಸಿಗುವ ಹೊತ್ತಿಗೆ ಕೈಯಲ್ಲಿ ಬಕೆಟ್ಟಿರುತ್ತದೆ. ಸಾಲಿನ ತುದಿಯಲ್ಲಿ ಮಕ್ಕಳ ಕೈಗೆಟುಕುವ ಎತ್ತರದಲ್ಲೇ ಚಾಕಲೇಟು. ಬಿಲ್ಲು ಮಾಡುವ ಹುಡುಗಿ ಒಂದೊಂದನ್ನೂ ಕೆಂಪು ಬೆಳಕಿಗೆ ತೋರಿಸಿ ಪೀಂ ಪೀಂ ಅನ್ನಿಸಿ, ಕೊನೆಗೆ ಮೊಬೈಲ್ ನಂಬರ್ ಕೇಳುತ್ತಾಳೆ. ಗಂಡ ಹೇಳಲೋ ಬೇಡವೋ ಎಂದು ಹೆಂಡತಿಯ ಮುಖ ನೋಡುತ್ತಾನೆ. ಅಂಗಡಿಯವರ ಉಪಾಯಗಳೆಲ್ಲ ಹೀಗೆ ಕಣ್ಣಿಗೆ ಕಾಣುವಂತಿದ್ದವಲ್ಲ, ನೀವು ಪುಣ್ಯವಂತರು.

ನಮ್ಮ ದೊಡ್ಡಂಗಡಿಯಲ್ಲಿ ಸಾಲಿಲ್ಲ, ಹುಡುಗಿಯೂ ಇಲ್ಲ, ಪೀಂ ಪೀಂ ಇಲ್ಲ. ಸಾಮಾನಿನ ಮೇಲೆ ಬೆಲೆಯೂ ಇಲ್ಲ. ಬುಟ್ಟಿ ತುಂಬಿಕೊಂಡು ದಾಟುಬಾಗಿಲಿನೊಳಗೆ ನಡೆಯಬೇಕು. ದಾಟುಬಾಗಿಲೆಂದರೆ ಹೊರಗೆ ಬರುವ ಚೌಕಟ್ಟು. ಅದರ ತಲೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬೆಲೆ ಮೂಡುತ್ತದೆ, ಜೊತೆಗೆ ಜೇನಿನಂಥ ದನಿಯಲ್ಲಿ ಕೂಗಿಯೂ ಹೇಳುತ್ತದೆ. ಒಪ್ಪಿಗೆಯಾದರೆ ಮುಂದೆ ಹೆಜ್ಜೆ ಇಡಿ, ದುಡ್ಡು ತಾನೇ ಕಳೆದು, ಕೊಟ್ಟ ಬೆಲೆ ಬರೆದ ದಾಟುಚೀಟಿ ಬುಟ್ಟಿಗೆ ಬೀಳುತ್ತದೆ. ಆಗದಿದ್ದರೆ ಸಾಮಾನನ್ನು ವಾಪಸ್ಸಿಟ್ಟು ಬನ್ನಿ. ಆ ಬೆಲೆಯನ್ನು ಬಾಗಿಲು ಎಲ್ಲಿಂದ ತರುತ್ತದೆ ಎಂದರೆ ನಿಮ್ಮಿಂದಲೇ. ಬುಟ್ಟಿಯ ಹಿಡಿಕೆ ನಾಡಿ ನೋಡುತ್ತದೆ, ಕಪಾಟುಗಳು ಕಣ್ಣು ನೋಡುತ್ತವೆ. ನೀವು ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಮೂಸಿದಿರಿ, ಯಾವುದು ಕೈಗೆ ಬಂದಾಗ ಉಸಿರು ಬಿಟ್ಟಿರಿ, ಎಲ್ಲವನ್ನೂ ಕೂಡಿಸಿ ನಿಮಗೆ ಅದರ ಮೇಲೆ ಎಷ್ಟು ಆಸೆಯೋ ಅಷ್ಟು ಬೆಲೆ. ಇದಕ್ಕೆ ಆಸೆಬೆಲೆ ಎನ್ನುತ್ತೇವೆ. ಒಂದೇ ಕಾಫಿಪುಡಿ ನನಗೆ ನೂರಾ ಇಪ್ಪತ್ತು, ಚಹಾ ಕುಡಿಯುವವನಿಗೆ ಮೂವತ್ತು.

ಅಯ್ಯೋ ಪಾಪ ಎನ್ನಬೇಡಿ. ಅಕ್ಕಿ, ರಾಗಿ, ಬೇಳೆ, ಉಪ್ಪು, ಎಣ್ಣೆ, ಔಷಧಿ, ಮಕ್ಕಳ ಹಾಲು ಇವಕ್ಕೆಲ್ಲ ಸರ್ಕಾರ ಕಟ್ಟಿದ ನಿಂತ ಬೆಲೆಯಿದೆ. ಯಾರೂ ಉಪವಾಸ ಮಲಗುವುದಿಲ್ಲ. ಕಷ್ಟವೇನಿದ್ದರೂ ನಾಲಗೆಯ ಚಪಲಕ್ಕೆ. ಚಪಲವನ್ನು ಬಚ್ಚಿಡುವುದು ಕಷ್ಟ. ನಮ್ಮ ಹೆಂಗಸರು ಮೊದಮೊದಲು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದರು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಆರಿಸುವವರಿಗೆ ಆಸೆ ಜಾಸ್ತಿ ಎಂದು ಬಾಗಿಲು ಲೆಕ್ಕ ಹಾಕಿ ದುಪ್ಪಟ್ಟು ಹೇಳುತ್ತಿತ್ತು. ಆಮೇಲೆ ಎಲ್ಲರೂ ಆರಿಸುವುದನ್ನೇ ಬಿಟ್ಟರು. ಈಗ ಊರಿಗೆ ಊರೇ ಬಲಿತ ಬೆಂಡೆಕಾಯಿಯ ಹುಳಿ ತಿನ್ನುತ್ತದೆ. ನಾರು ಹಲ್ಲಿಗೆ ಸಿಕ್ಕಿಕೊಂಡರೆ ನಾನು ಅದರಲ್ಲೂ ಒಂದು ಚೀಲ ಹೆಣೆಯಬಹುದು ಎನ್ನುತ್ತೇನೆ.

ಇದಕ್ಕೆ ನಮ್ಮ ಬೀದಿಯವರು ಕಂಡುಕೊಂಡ ದಾರಿ ಮುಯ್ಯಿಸಂತೆ. ಹೊಲದಲ್ಲಿ ಇವತ್ತು ನಿಮ್ಮ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀವು ಎಂದು ಮುಯ್ಯಾಳು ಹೋಗುತ್ತಿದ್ದರಲ್ಲ, ಹಾಗೆಯೇ ಇದು. ನಮ್ಮ ಬೀದಿಯ ಇಪ್ಪತ್ತೆರಡು ಮನೆಯಲ್ಲಿ ಯಾರೂ ತಮ್ಮ ಚಪಲದ ಸಾಮಾನನ್ನು ತಾವು ತರುವುದಿಲ್ಲ. ನನ್ನ ಕಾಫಿಪುಡಿಯನ್ನು ಚಹಾ ಕುಡಿಯುವ ರಜಾಕ್ ಸಾಬರು ತರುತ್ತಾರೆ, ಅವರ ಖರ್ಜೂರವನ್ನು ನಾನು. ಮೊಟ್ಟೆ ಮುಟ್ಟದ ಮನೆಯ ಶಾಂತವೀರಪ್ಪನವರು ಇಡೀ ಬೀದಿಯ ಮೊಟ್ಟೆಯನ್ನು ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ತರುತ್ತಾರೆ. ಬಾಗಿಲು ಅವರಿಗೆ ಹೆಚ್ಚು ಕಡಿಮೆ ಪುಕ್ಕಟೆ ಕೊಡುತ್ತದೆ. ಒಮ್ಮೆ ಬುದ್ಧಿವಂತರೊಬ್ಬರು, ಸಕ್ಕರೆ ಕಾಯಿಲೆಯವರು ಹೇಗೂ ತಿನ್ನುವುದಿಲ್ಲವಲ್ಲ ಎಂದು ಅಂಥವರನ್ನೇ ಮೈಸೂರುಪಾಕು ತರಲು ಕಳಿಸಿದರು. ಆವತ್ತಿನ ಬೆಲೆ ಇವತ್ತಿಗೂ ದಾಖಲೆ.

ಮುಯ್ಯಿಸಂತೆಗೆ ಕಟ್ಟುಪಾಡಿದೆ. ಮೊದಲು ಕೈಗೆ ಸಿಕ್ಕಿದ್ದನ್ನು ತೆಗೆಯಬೇಕು. ಆರಿಸಬಾರದು, ಮೂಸಬಾರದು, ಯಾರಿಗೆ ಏಕೆ ಎಂದು ಕೇಳಬಾರದು, ಹೇಳಲೂಬಾರದು. ಬಾಗಿಲಿನೊಳಗೆ ಹೋಗುವಾಗ ಬೇಡಮೋರೆ ಹಾಕಿಕೊಳ್ಳಬೇಕು, ಅಂದರೆ ಲೋಕದಲ್ಲಿ ತನಗೇನೂ ಬೇಡ ಎಂಬಂಥ ಮುಖ. ನಾನು ಬೇಡಮೋರೆಗೆ ಹೆಸರುವಾಸಿ. ಬಾಗಿಲಿನಲ್ಲಿ ನಿಂತು ಭಾವಮೈದುನನ ಭಾಷಣ ನೆನೆಸಿಕೊಳ್ಳುತ್ತೇನೆ, ಬದುಕೇ ಬೇಡವೆನಿಸಿ ನಾಡಿ ನಲವತ್ತಕ್ಕೆ ಇಳಿಯುತ್ತದೆ.

ಇನ್ನು ನಮ್ಮ ಅಕ್ಕನ ವಿಷಯ. ದೇವೀರಮ್ಮ, ನನಗಿಂತ ಒಂಬತ್ತು ವರ್ಷ ದೊಡ್ಡವಳು, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾಳೆ. ಆರು ವರ್ಷದಿಂದ ಮಾತಿಲ್ಲ. ತಪ್ಪು ನನ್ನದೇ. ಅಕ್ಕನಿಗೆ ಬೇಡಮೋರೆ ಬರುವುದಿಲ್ಲ, ಅವಳ ಆಸೆಯೆಲ್ಲ ಮುಖದಲ್ಲೇ ಇರುತ್ತದೆ. ಯಾರದೋ ನಿಶ್ಚಿತಾರ್ಥದ ಊಟದಲ್ಲಿ, ಎಲೆ ಮುಂದೆ ನೂರು ಜನ ಕೂತಿದ್ದಾಗ, ಅಕ್ಕ ಹಲಸಿನ ಹಣ್ಣಿನ ಮುಂದೆ ಹೇಗೆ ನಿಲ್ಲುತ್ತಾಳೆ, ಬಾಗಿಲು ಬೆಲೆ ಹೇಳಿದಾಗ ಹೇಗೆ ಬಾಯಿ ಬಿಡುತ್ತಾಳೆ ಎಂದು ಎದ್ದು ನಿಂತು ಆಡಿ ತೋರಿಸಿದೆ. ಜನ ಪಾಯಸ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಅಕ್ಕ ಅದೇ ಸಾಲಿನಲ್ಲಿ ಕೂತಿದ್ದಳು. ಎಲೆ ಬಿಟ್ಟು ಎದ್ದು ಹೋದಳು. ಮಾರನೆಯ ದಿನವೇ ಮುಯ್ಯಿಸಂತೆಯಿಂದ ಹೆಸರು ತೆಗೆಸಿದಳು. ಆಮೇಲೆ ತನ್ನದನ್ನು ತಾನೇ, ಕೇಳಿದಷ್ಟು ಕೊಟ್ಟು ತರುತ್ತಿದ್ದಾಳೆ. ಕಾಫಿಯನ್ನಂತೂ ಬಿಟ್ಟೇಬಿಟ್ಟಳು ಎಂದು ಕೇಳಿದ್ದೆ. ನನಗೆ ನಗಿಸಲು ಬರುತ್ತದೆ, ನಗಿಸಿದ ಮೇಲೆ ಏನು ಮಾಡಬೇಕೆಂದು ಬರುವುದಿಲ್ಲ. ಹಾಗೆಯೇ ಆರು ವರ್ಷ ಹೋಯಿತು.

ಕಳೆದ ತಿಂಗಳು ಮಗಳು ಇಂಪನಾ ತವರಿಗೆ ಬಂದಳು. ಬಸುರಿಗೆ ಮೂರು ತಿಂಗಳು ತುಂಬಿತ್ತು. ಬಂದವಳು ಏನು ತಿಂದರೂ ಒಳಗೆ ನಿಲ್ಲುತ್ತಿರಲಿಲ್ಲ. ಗಂಜಿ, ಮಜ್ಜಿಗೆ, ಎಳನೀರು ಎಲ್ಲ ಬಂದ ದಾರಿಯಲ್ಲೇ ವಾಪಸ್ಸು. ಹನ್ನೆರಡು ದಿನಕ್ಕೆ ಕೈಬಳೆ ಮೊಳಕೈವರೆಗೆ ಜಾರುವ ಹಾಗಾದಳು. ಡಾಕ್ಟರಮ್ಮ ರಕ್ತನಾಳಕ್ಕೆ ನೀರು ಏರಿಸಿ, ಇವಳ ಬಾಯಿಗೆ ಯಾವುದು ಬೇಕೆನಿಸುತ್ತದೋ ಅದನ್ನು ಕೊಡಿ, ಒಂದು ಸಲ ಒಂದು ತುತ್ತು ನಿಂತರೆ ಉಳಿದದ್ದು ತಾನೇ ಸರಿಹೋಗುತ್ತದೆ, ಈ ವಾರವೂ ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು.

ಹೆಂಡತಿ ಕಮಲಾಕ್ಷಿ ಅವಳ ತಲೆ ಸವರುತ್ತಾ ಕೇಳಿದಳು. "ಏನ್ ತಿನ್ಬೇಕು ಅನ್ಸುತ್ತವ್ವಾ? ಬಾಯ್ಬಿಟ್ಟು ಹೇಳು."

"ಬೇಲದ ಹಣ್ಣು," ಅಂದಳು ಮಗಳು. "ಬೆಲ್ಲ ಕಲ್ಸಿರೋದು."

ಶ್ರಾವಣದಲ್ಲಿ ಬೇಲದ ಹಣ್ಣು! ಮರಗಳೇ ಅಪರೂಪವಾಗಿರುವ ಕಾಲ, ಅದರ ಮೇಲೆ ಅದು ಹಣ್ಣಾಗುವ ಕಾಲವೂ ಅಲ್ಲ. ಆದರೂ ದೊಡ್ಡಂಗಡಿಯ ತಂಪು ಕೋಣೆಯಲ್ಲಿ ಹತ್ತೋ ಹನ್ನೆರಡೋ ಇದ್ದವು. ಆ ಸಂತೋಷಕ್ಕೆ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ನಲ್ಲಿ ಕಟ್ಟೆಯಲ್ಲಿ, ಹಾಲಿನ ಬೂತಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ನಮ್ಮ ಇಂಪನಾಗೆ ಬೇಲದ ಹಣ್ಣಿನ ಬಯಕೆಯಂತೆ, ಅಜ್ಜ ಆಗುವವನಿಗೆ ಏನು ಬಯಕೆ ಎಂದು ಯಾರೂ ಕೇಳುತ್ತಿಲ್ಲ ಎಂದು ಹೇಳಿಕೊಂಡು ನಗಿಸುತ್ತಾ ಬಂದೆ. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಯಾರಿಗೆ, ಏಕೆ ಎಂದು ತಿಳಿಸಬಾರದೆಂಬ ಕಟ್ಟುಪಾಡನ್ನು, ಅದನ್ನು ಊರಿಗೆಲ್ಲ ಕಲಿಸಿದ ನಾನೇ ಮುರಿದಿದ್ದೆ.

ಮೊದಲು ರಜಾಕ್ ಸಾಬರನ್ನು ಕಳಿಸಿದೆವು. ಆಸೆಯಿಲ್ಲದವರಿಗೆ ಮೂವತ್ತು ರೂಪಾಯಿಗೆ ಸಿಗುವ ಹಣ್ಣಿಗೆ ಬಾಗಿಲು ಆರುನೂರ ಇಪ್ಪತ್ತು ಎಂದಿತು. ಅವರು ಬುಟ್ಟಿ ಇಟ್ಟು, ಟೋಪಿ ತೆಗೆದು, ಬೆವರು ಒರೆಸಿಕೊಳ್ಳುತ್ತಾ ಬಂದರು.

"ಬೆಟ್ಟಣ್ಣ, ನನ್ನ ಕೈಲಿ ಆಗ್ಲಿಲ್ಲ. ಆ ಹುಡುಗಿ ನಮ್ಮ ಮನೇಲಿ ಖರ್ಜೂರ ತಿಂದು ದೊಡ್ಡೋಳಾಗಿದ್ದು. ಬಾಗ್ಲಲ್ಲಿ ನಿಂತ ತಕ್ಷಣ ಅವಳ ಬಾಯೇ ಕಣ್ಮುಂದೆ ಬಂತು."

"ನನ್ನ ಭಾವಮೈದುನನ್ನ ನೆನೆಸ್ಕೋಬೇಕಿತ್ತು ಸಾಬರೇ."

"ನೆನೆಸ್ಕೊಂಡೆ. ಅವರೂ ಅಯ್ಯೋ ಪಾಪ ಮಗೂಗೆ ತಗೊಂಡ್ಹೋಗಿ ಅಂದಂಗಾಯ್ತು."

ನಾನು ಹೋದೆ, ಎಂಟುನೂರ ನಲವತ್ತು. ಕಮಲಾಕ್ಷಿ ಹೋದಳು, ಸಾವಿರದ ನೂರು. ನಾನು ವಾರಪೂರ್ತಿ ಹೆಣೆದರೂ ಬರುವುದು ಸಾವಿರ, ಅದರಲ್ಲಿ ನೀರು ಏರಿಸಿದ್ದಕ್ಕೇ ಹೋದದ್ದೆಷ್ಟೋ. ಶಾಂತವೀರಪ್ಪನವರು ಮೊಟ್ಟೆ ಹಿಡಿದ ಹಾಗೆ ವಲ್ಲಿಯಲ್ಲಿ ಹಿಡಿದುಕೊಂಡು ಹೋದರು, ಅವರಿಗೂ ಐನೂರು. ಇನ್ನೊಂದು ಸಂಕಟವೆಂದರೆ, ಒಮ್ಮೆ ಬೇಡವೆಂದು ಇಟ್ಟು ಬಂದರೆ ಬಾಗಿಲು ಎಂಟು ದಿನ ನೆನಪಿಟ್ಟುಕೊಳ್ಳುತ್ತದೆ, ಅಲ್ಲಿಯವರೆಗೆ ಆ ವಸ್ತು ನಮಗೆ ಒಂದು ಪೈಸೆಯೂ ಇಳಿಯುವುದಿಲ್ಲ. ಹಣ್ಣು ಇನ್ನು ಮೂರು ದಿನಕ್ಕೆ ಖಾಲಿಯಾಗುವ ಹಾಗಿತ್ತು. ಇಪ್ಪತ್ತೊಂದು ಮನೆಯ ಜನವೂ ನಮ್ಮ ಮಗಳ ಮೇಲಿನ ಪ್ರೀತಿಗೆ ಕೆಲಸಕ್ಕೆ ಬಾರದವರಾಗಿದ್ದರು.

ಆವತ್ತು ಮಧ್ಯಾಹ್ನ ಕಮಲಾಕ್ಷಿ ಒಲೆಯ ಮುಂದೆ ನಿಂತೇ ಹೇಳಿದಳು. "ನಮ್ಮನ್ನ ಕಂಡ್ರೆ ಆಗ್ದೇ ಇರೋರು ಬೇಕು. ಈ ಬೀದೀಲಿ ಅಂಥೋರು ಒಬ್ರೇ ಇರೋದು."

"ಯಾರು?"

"ಯಾರು ಅಂತೆ! ಎಲೆ ಬಿಟ್ಟು ಎಬ್ಸಿ ಕಳ್ಸಿದ್ರಲ್ಲ, ಅವ್ರು. ಹೋಗಿ ಕೇಳಿ."

"ನೀನೇ ಹೋಗೇ ಕಮ್ಲಾ."

"ನಗ್ಸೋಕೆ ನೀವು, ಕಾಲು ಹಿಡಿಯೋಕೆ ನಾನಾ? ಎದ್ದೇಳಿ."

ನಾಲ್ಕು ಮನೆ ದಾಟುವುದಕ್ಕೆ ನನಗೆ ಅರ್ಧ ಗಂಟೆ ಬೇಕಾಯಿತು. ಅಕ್ಕ ಜಗುಲಿಯಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾಲ್ಕು ಮನೆ ದೂರದಲ್ಲಿದ್ದೂ ಅದನ್ನು ನಾನು ನೋಡಿರಲಿಲ್ಲ, ಎದುರಾದಾಗೆಲ್ಲ ಆಕಾಶ ನೋಡಿಕೊಂಡು ಹೋಗುತ್ತಿದ್ದೆನಲ್ಲ. ತಲೆ ಎತ್ತದೆ ಕೇಳಿದಳು.

"ಯಾರ ಮನೆ ಅಂತ ಮರೆತು ಬಂದ್ಯೇನ್ಲಾ?"

"ಇಲ್ಲ ಅಕ್ಕ. ನಿನ್ನ ಹತ್ರಾನೇ ಬಂದೆ. ಇಂಪನಾಗೆ..."

"ಗೊತ್ತು. ಹಾಲಿನ ಬೂತಲ್ಲಿ ಡಂಗುರ ಹೊಡೆದ್ಯಲ್ಲ."

"ಬೇಲದ ಹಣ್ಣು ಯಾರ ಕೈಲೂ ತರೋಕಾಗ್ತಿಲ್ಲ ಅಕ್ಕ. ಎಲ್ರಿಗೂ ಅವಳ ಮೇಲೆ ಅಕ್ಕರೆ. ನಿಂಗೆ ನಮ್ಮ ಮೇಲೆ ಏನೂ ಇಲ್ವಲ್ಲ, ಅದಕ್ಕೇ..."

ಅಕ್ಕ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ನನ್ನ ಕಾಲ ಬುಡದಲ್ಲೇ ಬಿತ್ತು.

"ಹೂಂ. ನಂಗೇನೂ ಇಲ್ಲ. ನಿನ್ನ ಮೇಲಂತೂ ಎಳ್ಳುಕಾಳಷ್ಟೂ ಇಲ್ಲ. ಹೆಂಗೂ ಉಪ್ಪು ತರೋಕೆ ಹೋಗ್ಬೇಕಿತ್ತು, ಹಂಗೇ ಒಂದು ಎತ್ತಾಕ್ಕೊಂಡು ಬರ್ತೀನಿ. ನನ್ನ ಹಿಂದೆ ಬರ್ಬೇಡ."

ಅಕ್ಕ ಎದ್ದಳು. ಹಿಂದೆ ಬರಬೇಡವೆಂದಳು, ಆದರೆ ಗಾಜಿನ ಗೋಡೆಯ ಹೊರಗೆ ನಿಲ್ಲಬೇಡವೆಂದು ಹೇಳಿರಲಿಲ್ಲ. ನಾನು, ಕಮಲಾಕ್ಷಿ, ರಜಾಕ್ ಸಾಬರು ಮೂವರೂ ಮೂಗನ್ನು ಗಾಜಿಗೆ ಒತ್ತಿಕೊಂಡು ನಿಂತೆವು. ಬಾಗಿಲಿನ ಹತ್ತಿರ ಆಡಿದ್ದೆಲ್ಲ ಹೊರಗೂ ಕೇಳುತ್ತದೆ.

ಅಕ್ಕ ಉಪ್ಪಿನ ಪೊಟ್ಟಣ ತೆಗೆದುಕೊಂಡು ನೇರ ಹಣ್ಣಿನ ರಾಶಿಗೆ ಹೋದಳು. ಮುಖದಲ್ಲಿ ಎಂಥ ತಾತ್ಸಾರ! ಅಂಥ ಬೇಡಮೋರೆಯನ್ನು ನಾನೂ ಹಾಕಿದವನಲ್ಲ. ಮೇಲಿದ್ದ ಹಣ್ಣನ್ನು ಎತ್ತಿ ಬುಟ್ಟಿಗೆ ಹಾಕಿದಳು. ಎರಡು ಹೆಜ್ಜೆ ಮುಂದೆ ಬಂದಳು. ನಿಂತಳು.

"ಬನ್ನಿ ಅತ್ತಿಗೆ, ಬಂದ್ಬಿಡಿ," ಎಂದು ಕಮಲಾಕ್ಷಿ ಗಾಜಿಗೆ ಪಿಸುಗುಟ್ಟಿದಳು.

ಅಕ್ಕ ಬುಟ್ಟಿಯಿಂದ ಹಣ್ಣನ್ನು ತೆಗೆದು, ಮೊಳಕಾಲೆತ್ತರದಿಂದ ನೆಲಕ್ಕೆ ಬಿಟ್ಟಳು. ಟಕ್ ಎಂದು ಪುಟಿಯಿತು. ಬೇಲದ ಹಣ್ಣು ನಿಮಗೆ ಗೊತ್ತಲ್ಲ, ಪುಟಿದರೆ ಕಾಯಿ, ಪುಟಿಯದೆ ದೊಪ್ಪನೆ ಕೂತರೆ ಹಣ್ಣು. ಕಾಯಿ ತಿಂದರೆ ಬಸುರಿಯ ಗಂಟಲು ಹಿಡಿಯುತ್ತದೆ. ಅಕ್ಕ ಅದನ್ನು ಬದಿಗಿಟ್ಟು ಇನ್ನೊಂದು ಬಿಟ್ಟಳು. ಪುಟಿಯಿತು. ಮತ್ತೊಂದು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆಯೇ ಕೂತಳು. ಒಂದೊಂದನ್ನೂ ಬಿಡುವುದು, ಕಿವಿಗೊಡುವುದು, ಮೂಸುವುದು. ರಜಾಕ್ ಸಾಬರು ಕಣ್ಣು ಮುಚ್ಚಿಕೊಂಡರು. ಎಂಟನೆಯದು ದೊಪ್ಪನೆ ಕೂತಿತು. ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಸಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಬೇಡಮೋರೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಉಪ್ಪು, ಹನ್ನೆರಡು ರೂಪಾಯಿ. ಬೇಲದ ಹಣ್ಣು, ಸಾವಿರದ ನಾನೂರ ಹತ್ತು ರೂಪಾಯಿ," ಎಂದಿತು ಬಾಗಿಲು.

"ಏನಂದೆ?" ಅಂದಳು ಅಕ್ಕ.

"ತಮ್ಮ ಆಸೆಗೆ ಧನ್ಯವಾದಗಳು, ತಾಯಿ."

"ಯಾರಿಗೆ ಆಸೆ? ನಂಗಾ? ನಂಗೂ ಆ ಮನೆಗೂ ಆರು ವರ್ಷದಿಂದ ನೀರು ಬೆಂಕಿ ಇಲ್ಲ."

ಸಾವಿರದ ಎಂಟುನೂರು.

"ಥೂ ನಿನ್ನ! ಆ ಹುಡುಗಿ ಬಸ್ಸಿಳಿದು ನನ್ನ ಬಾಗ್ಲ ಮುಂದೇನೇ ಹೋದ್ಲು, ಒಂದ್ ಸಲ ಒಳಗೆ ಬಾ ಅಂತ ಕರೆದ್ನಾ? ಕೇಳು ಯಾರ್ನಾದ್ರೂ. ಕಿಟಕೀಲಿ ನಿಂತು ನೋಡ್ದೆ ಅಷ್ಟೇ. ಸಣ್ಣಗಾಗಿದ್ಲು. ಹೋದ್ಲು."

ಎರಡು ಸಾವಿರದ ಮುನ್ನೂರು.

"ಸುಳ್ಳು ಮಿಷಿನ್ನು! ಅವಳು ಹುಟ್ಟಿದಾಗ ಮೊದ್ಲು ಎತ್ಕೊಂಡಿದ್ದು ನಾನೇ, ಹೌದು. ಯಾರಾದ್ರೂ ಎತ್ಕೋಬೇಕಿತ್ತಲ್ಲ, ಎತ್ಕೊಂಡೆ! ಅದಕ್ಕೂ ದುಡ್ಡಾ?"

ಎರಡು ಸಾವಿರದ ಒಂಬೈನೂರ ಅರವತ್ತು. ಅಂಗಡಿಯೊಳಗಿದ್ದವರೆಲ್ಲ ಬುಟ್ಟಿ ಇಟ್ಟು ನೋಡುತ್ತಿದ್ದರು. ಅಕ್ಕ ತಲೆಯೆತ್ತಿ ಆ ಅಂಕಿಯನ್ನು ನೋಡಿದಳು. ಬಾಯಿ ತೆರೆದೇ ಇತ್ತು. ನಾನು ಆವತ್ತು ಎಲೆ ಮುಂದೆ ಆಡಿ ತೋರಿಸಿದ್ದು ಅದೇ ಮುಖ. ಇವತ್ತು ಯಾರೂ ನಗಲಿಲ್ಲ. ಕಮಲಾಕ್ಷಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ನನ್ನ ಕಣ್ಣೆದುರಿನ ಗಾಜು ಏಕೋ ಮಸುಕಾಗಿತ್ತು, ಎಷ್ಟು ಒರೆಸಿದರೂ ಹೋಗಲಿಲ್ಲ.

ಅಕ್ಕನ ಕಣ್ಣು ಅಂಗಡಿಯ ಗೋಡೆಯ ಮೇಲಿನ ಬರಹದತ್ತ ಹೋಯಿತು. ಆಮೇಲೆ ಬಾಗಿಲಿನಿಂದ ಹಿಂದಕ್ಕೆ ಹೆಜ್ಜೆಯಿಟ್ಟು, ಗಾಜಿನ ಕಡೆ ತಿರುಗಿ, ಆರು ವರ್ಷದ ಮೇಲೆ ಮೊದಲ ಬಾರಿ ನನ್ನ ಮುಖವನ್ನು ನೇರವಾಗಿ ನೋಡಿ ಕೂಗಿದಳು.

"ಮೂಗು ಒತ್ಕೊಂಡು ಏನ್ ನೋಡ್ತೀಯಾ? ಹೋಗಿ ಆ ಹುಡುಗೀನ ಇಲ್ಲಿಗೇ ಕರ್ಕೊಂಡ್ ಬಾರೋ!"

ದೊಡ್ಡಂಗಡಿಗೆ ಬಂದ ಯಾರೇ ಆಗಲಿ, ಯಾವುದೇ ತಿನ್ನುವ ವಸ್ತುವನ್ನು ಕೊಳ್ಳುವ ಮೊದಲು ಒಂದು ಸಲ ರುಚಿ ನೋಡಬಹುದು. ಇದು ಕಾನೂನು. ಅಂಗಡಿಯ ಗೋಡೆಯ ಮೇಲೆಯೇ ಬರೆದಿದೆ. ದ್ರಾಕ್ಷಿ ಒಂದು, ಕಡಲೆಕಾಯಿ ನಾಲ್ಕು ಬಾಯಿಗೆ ಹಾಕಿಕೊಳ್ಳುವವರಿಗಾಗಿ ಮಾಡಿದ ಕಾನೂನು. ಎಷ್ಟು ತಿಂದರೆ ರುಚಿ ನೋಡಿದ ಹಾಗೆ ಎಂದು ಬರೆಯುವುದನ್ನು ಅವರು ಮರೆತಿದ್ದರು. ಬಾಗಿಲು ಬೆಲೆ ಕಟ್ಟುವುದು ಬುಟ್ಟಿಯಲ್ಲಿ ದಾಟಿದ್ದಕ್ಕೆ, ಹೊಟ್ಟೆಯಲ್ಲಿ ದಾಟಿದ್ದಕ್ಕಲ್ಲ. ಇಷ್ಟು ವರ್ಷ ಬೇಡಮೋರೆ ಹಾಕುವುದರಲ್ಲೇ ಮುಳುಗಿದ್ದ ನಮ್ಮಂಥ ಜಾಣರಿಗೆ ಇದು ಹೊಳೆದಿರಲಿಲ್ಲ. ಆಸೆಯನ್ನು ಬಚ್ಚಿಡಲು ಬಾರದ ನನ್ನ ಅಕ್ಕನಿಗೆ ಹೊಳೆಯಿತು.

ಇಂಪನಾಳನ್ನು ರಜಾಕ್ ಸಾಬರ ಗಾಡಿಯಲ್ಲಿ ಕೂರಿಸಿಕೊಂಡು ಬಂದೆವು. ಅಕ್ಕ ಅಷ್ಟರಲ್ಲಿ ನಡುದಾರಿಯಲ್ಲೇ ಜಾಗ ಮಾಡಿಕೊಂಡು, ಹಣ್ಣನ್ನು ನೆಲಕ್ಕೆ ಕುಟ್ಟಿ ಎರಡು ಹೋಳು ಮಾಡಿ, ಪಕ್ಕದ ಕಪಾಟಿನಿಂದ ಬೆಲ್ಲದ ರುಚಿ ನೋಡುವ ನೆಪದಲ್ಲಿ ಒಂದು ಅಚ್ಚು ಇಳಿಸಿ, ಚಿಪ್ಪಿನಲ್ಲೇ ಕಲಸುತ್ತಿದ್ದಳು.

"ಬಾ ಕೂಸೇ," ಅಂದಳು. "ಕೂತ್ಕೋ. ನಿಧಾನ."

"ಅತ್ತೆ..." ಎಂದು ಮಗಳು ಅಳುವುದಕ್ಕೆ ಬಾಯಿ ತೆರೆದಳು. ತೆರೆದ ಬಾಯಿಗೆ ಅಕ್ಕ ತುತ್ತಿಟ್ಟಳು.

"ಅಳೋದು ಆಮೇಲೆ. ಮೊದ್ಲು ನುಂಗು."

ನುಂಗಿದಳು. ನಾವೆಲ್ಲ ಉಸಿರು ಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದೆವು. ಒಂದು ನಿಮಿಷ, ಎರಡು ನಿಮಿಷ. ಇನ್ನೊಂದು ತುತ್ತಿಗೆ ತಾನೇ ಬಾಯಿ ತೆರೆದಳು. ಚಿಪ್ಪು ಬಳಿದು ಬಳಿದು ಮುಗಿಸಿದಳು. ನಿಂತಿತು, ಪೂರ್ತಿ ನಿಂತಿತು. ಮಾರನೆಯ ಬೆಳಗ್ಗೆ ಗಂಜಿ ನಿಂತಿತು, ಆಮೇಲೆ ಅನ್ನ ಸಾರು. ಈಗ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ವಾಸನೆ ಬಂದರೂ ಅಲ್ಲಿಗೆ ಹೋಗಿ ಕೂರುತ್ತಾಳೆ. ಆವತ್ತು ಹೊರಗೆ ಬರುವಾಗ ಬಾಗಿಲು ಉಪ್ಪಿನ ಹನ್ನೆರಡು ರೂಪಾಯಿ ತೆಗೆದುಕೊಂಡಿತು. ಬುಟ್ಟಿಯಲ್ಲಿದ್ದ ಎರಡು ಖಾಲಿ ಚಿಪ್ಪಿಗೆ ಬಹಳ ಹೊತ್ತು ಯೋಚಿಸಿ ಸೊನ್ನೆ ಎಂದಿತು.

ಅಕ್ಕ ಮಗಳ ಕೈ ಹಿಡಿದು ನಡೆದಳು. ಕಮಲಾಕ್ಷಿಯ ಜೊತೆ ಮಾತಾಡಿದಳು, ರಜಾಕ್ ಸಾಬರ ಮೊಮ್ಮಕ್ಕಳನ್ನು ವಿಚಾರಿಸಿದಳು. ನನ್ನೊಡನೆ ಮಾತ್ರ ಇಲ್ಲ. ಅಗತ್ಯ ಬಿದ್ದರೆ, ಕಮ್ಲಾ ನಿನ್ನ ಗಂಡನಿಗೆ ಹೇಳು, ಸ್ವಲ್ಪ ಸರಿದು ನಡೆಯಲಿ ಎಂಬಂಥ ಮಾತು. ಹತ್ತು ದಿನ ಹೀಗೇ ಆಯಿತು. ಹನ್ನೊಂದನೆಯ ದಿನ ಮಗಳ ಕೈಯಲ್ಲಿ ಒಂದು ಚೀಟಿ ಬಂತು. ಅಕ್ಕನ ಅಕ್ಷರ. ಕಾಫಿಪುಡಿ, ಅರ್ಧ ಕೇಜಿ, ಬೆಟ್ಟಸ್ವಾಮಿ ತರಬೇಕು ಎಂದಿತ್ತು. ಮುಯ್ಯಿಸಂತೆಯಲ್ಲಿ ತನ್ನ ಚಪಲದ ಚೀಟಿಯನ್ನು ಒಬ್ಬರ ಕೈಗೆ ಕೊಡುವುದೆಂದರೆ ಅವರನ್ನು ನಂಬಿದ ಹಾಗೆ ಎಂದು ನಿಮಗೆ ಈಗ ಗೊತ್ತಾಗಿರಬೇಕು.

ನಾನು ಒಳ್ಳೆಯ ಅಂಗಿ ಹಾಕಿಕೊಂಡು ಹೋದೆ. ಮೊದಲು ಸಿಕ್ಕಿದ ಪೊಟ್ಟಣ ತೆಗೆಯಲಿಲ್ಲ. ಒಂದೊಂದನ್ನೂ ಮೂಸಿ ನೋಡಿದೆ. ಬಾಗಿಲಿನಲ್ಲಿ ನಿಂತು ಎಷ್ಟು ಭಾಷಣ ನೆನೆಸಿಕೊಂಡರೂ ಬೇಡಮೋರೆ ಬರಲೇ ಇಲ್ಲ. ಬೆಲ್ಲ ಕಲಸುತ್ತಿದ್ದ ಆ ಬಿಳಿ ಕೂದಲಿನ ತಲೆಯೇ ಕಣ್ಣ ಮುಂದೆ. ಕಾಫಿಗೆ ನನ್ನ ಎಂದಿನ ಬೆಲೆಯನ್ನೂ ಎಷ್ಟೋ ಪಟ್ಟು ಮೀರಿ ಬಾಗಿಲು ಕೂಗಿದ ಬೆಲೆಗೆ ಹಿಂದಿನವರು ಶಿಳ್ಳೆ ಹಾಕಿದರು. ಹಿಂದೆ ಮುಂದೆ ನೋಡದೆ ಹೆಜ್ಜೆ ಇಟ್ಟೆ. ದಾಟುಚೀಟಿಯನ್ನು ಜೇಬಿಗೆ ಸೇರಿಸಬೇಕೆಂದುಕೊಂಡಿದ್ದೆ, ಚೀಲದಲ್ಲೇ ಉಳಿದುಹೋಯಿತು.

ಅಕ್ಕ ಡಿಕಾಕ್ಷನ್ ಇಳಿಸುವವರೆಗೂ ನಾನು ಜಗುಲಿಯಲ್ಲಿ ಕೂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಜೋಕು ಎಷ್ಟು ಬೇಕಾದರೂ ಬರುತ್ತಿತ್ತು, ಈ ಒಂದು ಮಾತು ಬರುತ್ತಿರಲಿಲ್ಲ. ಅವಳು ಲೋಟ ತಂದು ಮುಂದಿಟ್ಟಾಗ ಹೇಗೋ ಹೊರಗೆ ಬಂತು.

"ಅಕ್ಕ, ಆವತ್ತು ಎಲೆ ಮುಂದೆ ನಾನು ಹಂಗೆ ಆಡ್ಬಾರ್ದಿತ್ತು."

ಅಕ್ಕ ಒಂದು ಗುಟುಕು ಕುಡಿದಳು. ಆರು ವರ್ಷದ ಮೊದಲ ಕಾಫಿ. ಕಣ್ಣು ಮುಚ್ಚಿ, ಬಿಟ್ಟು, ಹೇಳಿದಳು.

"ಗೊತ್ತಾಯ್ತು ಬಿಡು. ದಾಟುಚೀಟಿ ನೋಡ್ದೆ. ಮುಂದಿನ ಸಲದಿಂದ ರಜಾಕ್ ಸಾಬರ ಕೈಲಿ ತರ್ಸು ಮಾರಾಯಾ. ಇಷ್ಟು ದುಬಾರಿ ತಮ್ಮ ನಂಗೆ ಪೂರೈಸಲ್ಲ."

ಹಿರಿಯರೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮ ಕಾಲದ ಅಂಗಡಿಗಳು ನಿಮ್ಮ ಮೊಬೈಲ್ ನಂಬರ್ ಕೇಳುತ್ತವೆಯೇ ಹೊರತು ಮನಸ್ಸನ್ನು ಓದಿ ಎಲ್ಲರಿಗೂ ಕೇಳುವ ಹಾಗೆ ಕೂಗುವುದಿಲ್ಲ. ಹಾಗಾಗಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಆ ಕೂಗುವ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ. ನಾಲ್ಕು ಮನೆ ದೂರವಿದ್ದರೂ ಸರಿ, ಎದ್ದು ಹೋಗಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

ನಿಮ್ಮ ಮರಿಮಗನ ಮರಿಮಗ,
ಚೀಲದ ಬೆಟ್ಟಸ್ವಾಮಿ